ಮೀಟಿಂಗ್ ಮುಗಿದ ಮೇಲಿನ ಮುಂಬೈ: ಚಳಿಗಾಲದ ಊಟ, ಸುತ್ತಾಟ

ಆಫೀಸ್ ಕೆಲಸಕ್ಕೆಂದು ಮುಂಬೈಗೆ ಹೋಗುವವರು ಸಾಮಾನ್ಯವಾಗಿ ನೋಡುವ ಜಾಗಗಳದ್ದೊಂದು ಪಟ್ಟಿ, ತಿನ್ನುವ ಜಾಗಗಳದ್ದೊಂದು ಪಟ್ಟಿ ಹಿಡಿದು ಹೊರಡುತ್ತಾರೆ. ಎರಡರಲ್ಲೂ ಅರ್ಧ ಮುಗಿಯುವುದಿಲ್ಲ. ಈ ಊರಿನಲ್ಲಿ ಪಟ್ಟಿಗಿಂತ ದಿಕ್ಕು ಮುಖ್ಯ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಜನಸಾಗರ ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಉತ್ತರಕ್ಕೆ. ಉತ್ತರದ ಅಂಧೇರಿ ಅಥವಾ ಬಿಕೆಸಿಯಲ್ಲಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಕೆಲಸವಿದ್ದರೆ ಸಂಜೆ ದಕ್ಷಿಣಕ್ಕೆ ಬಂದು, ಸುತ್ತಾಡಿ, ಉಂಡು, ಒಂಬತ್ತೂವರೆಗೆ ವಾಪಸ್ ಹೊರಡಿ. ಕೆಲಸ ದಕ್ಷಿಣದ ಫೋರ್ಟ್‌ನಲ್ಲಿದ್ದು ರೂಮ್ ಅಂಧೇರಿಯಲ್ಲಿದ್ದರೆ ಆರು ಗಂಟೆಗೇ ಲೋಕಲ್ ರೈಲು ಹತ್ತುವ ಸಾಹಸ ಬೇಡ. ರಾತ್ರಿ ಊಟವನ್ನೂ ಅಲ್ಲೇ ಮುಗಿಸಿ.

2025ರ ಅಕ್ಟೋಬರ್‌ನಿಂದ ಮೆಟ್ರೋ 3 ಆರೆಯಿಂದ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿದೆ. ವಿಮಾನ ನಿಲ್ದಾಣದ ಎರಡೂ ಟರ್ಮಿನಲ್, ಬಿಕೆಸಿ, ದಾದರ್, ಸಿಎಸ್‌ಎಂಟಿ (ಹಳೆಯ ವಿಟಿ ನಿಲ್ದಾಣ), ಚರ್ಚ್‌ಗೇಟ್ ಎಲ್ಲವೂ ಒಂದೇ ದಾರಿಯಲ್ಲಿ ಸಿಗುತ್ತವೆ. ನೆಲದಡಿಯಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಟಿಕೆಟನ್ನು ಮೇಲೆ ಇರುವಾಗಲೇ ತೆಗೆದುಕೊಳ್ಳಿ. ಕೊನೆಯ ರೈಲು ರಾತ್ರಿ ಹತ್ತೂವರೆಯ ಆಸುಪಾಸಿಗೆ. ಇನ್ನು ಆಟೋ: ಪಶ್ಚಿಮದಲ್ಲಿ ಮಾಹಿಮ್, ಪೂರ್ವದಲ್ಲಿ ಸಯನ್ ದಾಟಿ ದಕ್ಷಿಣಕ್ಕೆ ಅದು ಬರುವುದೇ ಇಲ್ಲ. ಅಲ್ಲಿಂದಾಚೆ ಕಪ್ಪು-ಹಳದಿ ಟ್ಯಾಕ್ಸಿಯೇ ಗತಿ.

ಸೂರ್ಯಾಸ್ತಕ್ಕೆ ಎಲ್ಲಿ ನಿಲ್ಲಬೇಕು

ಡಿಸೆಂಬರ್‌ನಲ್ಲಿ ಇಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ, ಜನವರಿ ಕೊನೆಗೆ ಆರೂವರೆ. ಐದೂವರೆಗೆ ಮೀಟಿಂಗ್ ಮುಗಿಸಿ ಕ್ಯಾಬ್ ಹತ್ತಿದವರಿಗೆ ಮರೀನ್ ಡ್ರೈವ್‌ನಲ್ಲಿ ಸಿಗುವುದು ಕತ್ತಲೆ. ಹಾಗಾಗಿ ನಾಲ್ಕೂವರೆಗೆ ಬಿಡುವಾಗುವ ಒಂದು ದಿನವನ್ನು ಇದಕ್ಕೇ ಮೀಸಲಿಡಿ.

ನಿಲ್ಲುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಚಳಿಗಾಲದಲ್ಲಿ ಸೂರ್ಯ ನೈಋತ್ಯಕ್ಕೆ ಸರಿದು ಮುಳುಗುತ್ತಾನೆ. ಚೌಪಾಟಿ ಕಡಲತೀರದಲ್ಲಿ ನಿಂತರೆ ಮಲಬಾರ್ ಹಿಲ್ ಅಡ್ಡ ಬರುತ್ತದೆ. ಚರ್ಚ್‌ಗೇಟ್ ಎದುರಿನಿಂದ ನರಿಮನ್ ಪಾಯಿಂಟ್ ಕಡೆಗಿನ ಕಟ್ಟೆಯಲ್ಲಿ ಕುಳಿತರೆ ಎದುರಿಗೆ ಬರೀ ಸಮುದ್ರ. ಮಳೆಗಾಲಕ್ಕೆ ಮೊದಲು, ಜೂನ್‌ನಲ್ಲಿ, ಇಲ್ಲಿಂದಲೂ ಅವನು ಗುಡ್ಡದ ಬದಿಗೇ ಇಳಿಯುತ್ತಾನೆ, ಆದ್ದರಿಂದ ಇದು ಚಳಿಗಾಲದ್ದೇ ನೋಟ. ಈ ತಿಂಗಳುಗಳಲ್ಲಿ ಹೊಗೆಮಂಜು ಹೆಚ್ಚು. ಸೂರ್ಯ ನೀರು ಮುಟ್ಟುವ ಮೊದಲೇ ಮಂಕಾಗಿ ಮಾಯವಾಗುವುದುಂಟು, ಇಪ್ಪತ್ತು ನಿಮಿಷ ಮುಂಚೆ ಹೋಗಿ. ಉಬ್ಬಸ ಇರುವವರು ಇನ್‌ಹೇಲರ್ ಮರೆಯಬೇಡಿ. ಸ್ವೆಟರ್ ಮಾತ್ರ ಎಸಿ ಮೀಟಿಂಗ್ ರೂಮಿಗಷ್ಟೇ ಬೇಕಾದೀತು. ಹಗಲು ಮೂವತ್ತು ಡಿಗ್ರಿ ದಾಟುತ್ತದೆ.

ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆಗೆ ಓವಲ್ ಮೈದಾನ ಸಾಕು. ಪೂರ್ವಕ್ಕೆ ಹೈಕೋರ್ಟ್, ರಾಜಾಬಾಯಿ ಗೋಪುರದ ಗಾಥಿಕ್ ಸಾಲು. ಪಶ್ಚಿಮಕ್ಕೆ ಆರ್ಟ್ ಡೆಕೋ ಮನೆಗಳ ಸಾಲು. ಎರಡೂ ಸೇರಿ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಂಜೆಯ ಬಿಸಿಲು ಗಾಥಿಕ್ ಸಾಲಿನ ಮೇಲೇ ಬೀಳುವುದರಿಂದ ಫೋಟೋ ತೆಗೆಯಲು ಪಶ್ಚಿಮದ ಬದಿಯಲ್ಲಿ ನಿಲ್ಲಿ. ಸಿಎಸ್‌ಎಂಟಿ ಕಟ್ಟಡವನ್ನು ಊಟ ಮುಗಿಸಿ, ದೀಪ ಹತ್ತಿದ ಮೇಲೆ ನೋಡುವುದೇ ಚೆಂದ.

ಮಾಟುಂಗಾ: ಒಂದು ಹೊತ್ತಾದರೂ

ಮುಂಬೈಯಲ್ಲಿ ಕನ್ನಡಿಗರ ನಾಲಿಗೆಗೆ ನೆಂಟಸ್ತನ ಇರುವುದು ಮಾಟುಂಗಾ ಪೂರ್ವದಲ್ಲಿ. ಮೊದಲು ಸ್ಟೇಷನ್ ಗೊಂದಲ ಬಗೆಹರಿಸಿಕೊಳ್ಳಿ. ಮಾಟುಂಗಾ ಇರುವುದು ಸೆಂಟ್ರಲ್ ಲೈನಿನಲ್ಲಿ, ಮಾಟುಂಗಾ ರೋಡ್ ವೆಸ್ಟರ್ನ್‌ನಲ್ಲಿ, ಕಿಂಗ್ಸ್ ಸರ್ಕಲ್ ಹಾರ್ಬರ್‌ನಲ್ಲಿ. ಮಾಟುಂಗಾದಲ್ಲಿ ಸ್ಲೋ ಲೋಕಲ್ ಮಾತ್ರ ನಿಲ್ಲುತ್ತದೆ. ಫಾಸ್ಟ್ ಹತ್ತಿದರೆ ದಾದರ್‌ನಲ್ಲಿ ಇಳಿದು ಬದಲಿಸಬೇಕು, ಇಲ್ಲವಾದರೆ ಎದುರಿಗೇ ಮಾಟುಂಗಾ ಜಾರಿಹೋಗುವುದನ್ನು ನೋಡುತ್ತಾ ಕುರ್ಲಾ ತಲುಪುತ್ತೀರಿ. ಬಿಕೆಸಿಯಿಂದಾದರೆ ನೇರ ಟ್ಯಾಕ್ಸಿ ಹಿಡಿಯಿರಿ.

ಬಾಳೆಎಲೆ ಊಟಕ್ಕೆ ಸ್ಟೇಷನ್ ಪಕ್ಕದ ಎ. ರಾಮ ನಾಯಕರ ಶ್ರೀ ಕೃಷ್ಣ ಬೋರ್ಡಿಂಗ್, 1942ರಿಂದ ನಡೆಯುತ್ತಿರುವುದು. ಮೆಟ್ಟಿಲು ಹತ್ತಿ ಮೇಲೆ ಹೋಗಿ ಮೊದಲು ಕೌಂಟರಿನಲ್ಲಿ ದುಡ್ಡು ಕೊಟ್ಟು ಕೂಪನ್ ಪಡೆಯಬೇಕು, ಆಮೇಲೆ ಸರದಿ. ಖಾಲಿ ಕುರ್ಚಿ ಕಂಡಿತೆಂದು ನೇರ ಹೋಗಿ ಕೂತರೆ ಏಳಿಸುತ್ತಾರೆ. ಪೂರಿಗೇ ಹೊಟ್ಟೆ ತುಂಬಿಸಿಕೊಳ್ಳುವುದು ಹೊಸಬರ ತಪ್ಪು: ಅನ್ನ, ಸಾರು, ಸಾಂಬಾರ್, ಮೊಸರು ಇನ್ನೂ ಬರಬೇಕಿರುತ್ತದೆ. ಎರಡರ ಮೇಲೆ ಪೂರಿ ಬೇಡ. ಮಧ್ಯಾಹ್ನ ಒಂದಕ್ಕೆ ಮುಂಚೆ ಹೋದರೆ ಕಾಯುವುದು ಕಡಿಮೆ.

ತಿಂಡಿಗಾದರೆ ರಾಮಾಶ್ರಯದ ಅನಾನಸ್ ಶೀರಾ, ಅಂದರೆ ನಮ್ಮ ಕೇಸರಿಬಾತ್. ಬೆಳಗಿನ ಜಾವ ಐದಕ್ಕೇ ಬಾಗಿಲು ತೆರೆಯುವುದರಿಂದ ಒಂಬತ್ತರ ಮೀಟಿಂಗಿಗೂ ಅಡ್ಡಿಯಿಲ್ಲ. ಕಿಂಗ್ಸ್ ಸರ್ಕಲ್‌ನ ಕೆಫೆ ಮದ್ರಾಸ್‌ನಲ್ಲಿ ರಾಗಿ ದೋಸೆ ಚೆನ್ನಾಗಿರುತ್ತದೆ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗುವುದು ಮಾತ್ರ ತಾಳ್ಮೆಯ ಪರೀಕ್ಷೆ. ಬೋರ್ಡಿಂಗಿಗೂ ಕೆಫೆ ಮದ್ರಾಸ್‌ಗೂ ಸೋಮವಾರ ರಜೆ. ಎಲ್ಲ ಕಡೆಯೂ ಅಪರಿಚಿತರ ಜೊತೆ ಮೇಜು ಹಂಚಿಕೊಳ್ಳುವುದು ವಾಡಿಕೆ, ಮುಜುಗರ ಬೇಡ. ಕನ್ನಡದಲ್ಲಿ ಮಾತಾಡಿಸಿ ನೋಡಿ. ತುಳುವಿನಲ್ಲೋ ಕೊಂಕಣಿಯಲ್ಲೋ ಉತ್ತರ ಬಂದರೂ ಬರಬಹುದು. ಸಂಜೆ ಬಿಡುವಿದ್ದರೆ ಅಂದಿನ ‘ಕರ್ನಾಟಕ ಮಲ್ಲ’ ಪತ್ರಿಕೆ ತೆರೆದು ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದ ಕಾರ್ಯಕ್ರಮ ಇದೆಯೇ ನೋಡಿ. ಎರಡೂ ಸಂಸ್ಥೆಗಳು ಮಾಟುಂಗಾದ ಸುತ್ತಲೇ ಇವೆ.

ಗ್ರಾಹಕರನ್ನು ಊಟಕ್ಕೆ ಕರೆದರೆ

ಮೀನು ತಿನ್ನುವವರಾದರೆ ಫೋರ್ಟ್‌ನ ಮಂಗಳೂರು ಹೋಟೆಲ್‌ಗಳು: ಮಹೇಶ್ ಲಂಚ್ ಹೋಮ್, ಅಪೂರ್ವ, ತೃಷ್ಣಾ. ನೀರುದೋಸೆ, ಗಸಿ, ಕಾಣೆ ರವಾ ಫ್ರೈ ಧೈರ್ಯವಾಗಿ ಹೇಳಿ. ಏಡಿ, ದೊಡ್ಡ ಸಿಗಡಿಗೆ ಮೆನುವಿನಲ್ಲಿ ಬೆಲೆ ಬರೆಯದೆ ‘ಗಾತ್ರದ ಪ್ರಕಾರ’ ಎಂದಿದ್ದರೆ ತೂಕ, ದರ ಎರಡನ್ನೂ ಕೇಳಿಯೇ ಆರ್ಡರ್ ಮಾಡಿ. ಬಿಲ್ ನೋಡಿ ಬೆಚ್ಚುವುದು ಬಹುತೇಕ ಇಲ್ಲೇ. ಬಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ ಹೋಟೆಲ್ (1923ರಿಂದ) ಬೆರಿ ಪುಲಾವ್‌ಗೆ ಹೆಸರುವಾಸಿ, ಆದರೆ ಅಲ್ಲಿ ಮಧ್ಯಾಹ್ನದ ಊಟ ಮಾತ್ರ. ಜೈನರಿದ್ದರೆ ಈರುಳ್ಳಿ, ಬೆಳ್ಳುಳ್ಳಿ ಜೊತೆಗೆ ಆಲೂಗಡ್ಡೆಯೂ ಇಲ್ಲದ ಅಡುಗೆ ಬೇಕು. ಇಲ್ಲಿ ‘ಜೈನ್’ ಎಂದರೆ ಸಾಕು, ಅರ್ಥವಾಗುತ್ತದೆ. ಫೋರ್ಟ್ ಆಫೀಸುಗಳ ಪ್ರದೇಶ, ಭಾನುವಾರ ಹಲವು ಕಡೆ ಬಾಗಿಲು ಹಾಕಿರುತ್ತದೆ, ಫೋನ್ ಮಾಡಿ ಹೊರಡಿ. ಜನವರಿ 26ಕ್ಕೆ ಮದ್ಯ ಸಿಗದು.

ಆಫೀಸಿಗೆ ಕೊಡುವ ಬಿಲ್: ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ 5. ರೂಮ್ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ಹೋಟೆಲ್‌ಗಳ ಒಳಗಿನ ರೆಸ್ಟೋರೆಂಟಿನಲ್ಲಿ ಶೇ 18. ದಿನಭತ್ಯೆ ಬಿಗಿಯಾಗಿದ್ದರೆ ಹೊರಗೆ ಉಣ್ಣುವುದೇ ಲೇಸು. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ, ತೆಗೆಸಬಹುದು. ಯುಪಿಐ ಸ್ಕ್ರೀನ್‌ಶಾಟ್ ಅಕೌಂಟ್ಸ್‌ನವರ ಕಣ್ಣಿಗೆ ಬಿಲ್ ಅಲ್ಲ. ಮುದ್ರಿತ ಬಿಲ್ ಕೇಳಿ ಪಡೆದು ಅಂದೇ ಫೋಟೋ ತೆಗೆದಿಡಿ, ಆ ಕಾಗದದ ಅಕ್ಷರ ಬೇಗ ಮಾಸುತ್ತದೆ.

ಅರ್ಧ ದಿನ ಸಿಕ್ಕರೆ

ಎಲಿಫೆಂಟಾ ದ್ವೀಪದ ಗುಹೆಗಳಿಗೆ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ, ಅಲ್ಲಿಳಿದು ನೂರಿಪ್ಪತ್ತರಷ್ಟು ಮೆಟ್ಟಿಲು. ಹೋಗಿಬರಲು ಐದು ಗಂಟೆ ಹಿಡಿದುಕೊಳ್ಳಿ. ಬೆಳಿಗ್ಗೆ ಒಂಬತ್ತರ ಮೊದಲ ದೋಣಿ ಹಿಡಿದರೆ ಮಧ್ಯಾಹ್ನಕ್ಕೆ ವಾಪಸ್. ಅಂದೇ ಸಂಜೆ ನಾಲ್ಕರ ವಿಮಾನ ಇದ್ದರೆ ಈ ಆಸೆ ಬಿಡಿ. ಸೋಮವಾರ ಗುಹೆಗಳಿಗೆ ರಜೆ. ಲೈಫ್ ಜಾಕೆಟ್ ಹಾಕಿಕೊಂಡೇ ಕುಳಿತುಕೊಳ್ಳಿ. ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಬೇಡಿ, ಕೋತಿಗಳು ಬಿಡುವುದಿಲ್ಲ.

ರೂಮ್ ಅಂಧೇರಿ ಕಡೆಗಿದ್ದರೆ ಬೊರಿವಲಿಯ ಕಾನ್ಹೇರಿ ಗುಹೆಗಳು ಮೇಲು. ಬೆಳಗಿನ ಲೋಕಲ್ ಆ ದಿಕ್ಕಿಗೆ ಖಾಲಿ ಇರುತ್ತದೆ. ಸೋಮವಾರ ಈ ಗುಹೆಗಳಿಗೂ ರಜೆ. ಭಾನುವಾರವಾದರೆ ಲೋಕಲ್‌ನ ಮೆಗಾ ಬ್ಲಾಕ್ (ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವುದು) ಯಾವ ಲೈನಿಗೆ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಜನವರಿಯಲ್ಲಿ ಮ್ಯಾರಥಾನ್ ನಡೆಯುವ ಭಾನುವಾರ ದಕ್ಷಿಣ ಮುಂಬೈಯ ರಸ್ತೆಗಳು ಮಧ್ಯಾಹ್ನದವರೆಗೆ ಬಂದ್. ಅಂದು ವಿಮಾನಕ್ಕೆ ಮೆಟ್ರೋದಲ್ಲೇ ಹೋಗಿ.

ಈ ಕಾಲದಲ್ಲಷ್ಟೇ ಸಿಗುವುದು

ಗುಜರಾತಿಗಳ ಮಿಶ್ರ ತರಕಾರಿ ಪಲ್ಯ ಉಂಧಿಯು ಬಿಡಬೇಡಿ. ಅದರ ಸುರ್ತಿ ಪಾಪಡಿ ನಮ್ಮ ಅವರೆಯ ಜಾತಿಯದೇ. ಜನವರಿಯಲ್ಲಿ ಬೆಂಗಳೂರಿನ ಅವರೆಕಾಯಿ ತಪ್ಪಿಸಿಕೊಂಡವರಿಗೆ ಸಮಾಧಾನ. ಕಾಲ್ಬಾದೇವಿ, ಭುಲೇಶ್ವರದ ಗುಜರಾತಿ ಅಂಗಡಿಗಳಲ್ಲಿ ತೂಕಕ್ಕೆ ಕೊಡುತ್ತಾರೆ. ಎಣ್ಣೆ ಜಾಸ್ತಿ, ಒಬ್ಬರಿಗೆ ಕಾಲು ಕಿಲೋ ಧಾರಾಳ. ಪೋಂಕ್ ಎಂಬುದು ಎಳೆ ಜೋಳ, ಉತ್ತರ ಕರ್ನಾಟಕದ ಸೀತನಿ. ಸೇವ್, ನಿಂಬೆರಸ ಸೇರಿಸಿ ತಿನ್ನುತ್ತಾರೆ.

ಮನೆಗೆ ಒಯ್ಯಲು ಮಹಾಬಳೇಶ್ವರದ ಸ್ಟ್ರಾಬೆರಿ. ಹೊರಡುವ ದಿನವೇ ಕೊಳ್ಳಿ. ಪೆಟ್ಟಿಗೆಯನ್ನು ಮೇಲಕ್ಕೆತ್ತಿ ತಳ ನೋಡಿ: ಮೇಲಿನ ಸಾಲು ದಪ್ಪಗಿದ್ದು ಕೆಳಗೆ ರಸ ಇಳಿದಿದ್ದರೆ ಬೇರೆಯದು ಕೇಳಿ. ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಗೇಜಿಗೆ ಹಾಕಿದರೆ ಮನೆಯಲ್ಲಿ ಜಾಮ್ ಮಾಡುವುದೊಂದೇ ದಾರಿ.