ಒಂದು ಕೋಣೆಯ ಮನೆಯಲ್ಲಿ ಪಾನೀಯ ಹುದುಗಿಸುವಾಗ ವಾಸನೆಯನ್ನು ಹತೋಟಿಯಲ್ಲಿಡುವ ಬಗೆ

ಬೆಂಗಳೂರಿನ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಅಡುಗೆಮನೆಗೂ ಹಾಸಿಗೆಗೂ ಹತ್ತು ಹೆಜ್ಜೆಗಳ ಅಂತರವಿದ್ದರೆ ಹೆಚ್ಚು. ಅಲ್ಲಿ ಶುಂಠಿ ಸೋಡಾ, ಸಾಸಿವೆ ಹಾಕಿದ ಬೀಟ್‌ರೂಟ್ ಕಾಂಜಿ ಅಥವಾ ಸಿಹಿ ಚಹಾದಿಂದ ಮಾಡುವ ಕೊಂಬುಚಾ ಹುದುಗಲು ಇಟ್ಟರೆ ಮೂರನೆಯ ದಿನಕ್ಕೆ ಅದರ ವಾಸನೆ ಹೊದಿಕೆಯವರೆಗೂ ಬಂದಿರುತ್ತದೆ. ಆಗ ಊದುಬತ್ತಿ ಹಚ್ಚುವುದನ್ನೂ ರೂಮ್ ಫ್ರೆಶ್‌ನರ್ ಸಿಂಪಡಿಸುವುದನ್ನೂ ನಾನು ಒಪ್ಪುವುದಿಲ್ಲ. ಜಾಡಿಯೊಳಗೆ ಏನು ನಡೆಯುತ್ತಿದೆಯೆಂದು ಮೊದಲು ತಿಳಿಯುವುದು ಮೂಗಿಗೆ. ಅದನ್ನು ಮಂಕು ಮಾಡಿಕೊಂಡರೆ ಕೆಟ್ಟುಹೋದದ್ದೂ ಗೊತ್ತಾಗುವುದಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲವಾದ್ದರಿಂದ, ಇಲ್ಲಿ ಹೇಳುವುದೆಲ್ಲ ಮೇಲಿನಂಥ ಹುಳಿ ಪಾನೀಯಗಳಿಗೆ ಸಂಬಂಧಿಸಿದ್ದು.

ಯೀಸ್ಟ್ ಸಕ್ಕರೆಯನ್ನು ತಿಂದಾಗ ಆ ಸಕ್ಕರೆಯ ತೂಕದ ಅರ್ಧದಷ್ಟು ಇಂಗಾಲದ ಡೈಆಕ್ಸೈಡ್ ಆಗುತ್ತದೆ. 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಹೊರಬರುವ ಅನಿಲ 25 ಲೀಟರಿಗೂ ಹೆಚ್ಚು. ಈ ಅನಿಲಕ್ಕೆ ತನ್ನದೇ ವಾಸನೆಯಿಲ್ಲ, ಆದರೆ ಜಾಡಿಯಲ್ಲಿರುವ ಬೇರೆಲ್ಲ ವಾಸನೆಗಳನ್ನು ಅದು ಹೊತ್ತು ತರುತ್ತದೆ. ಆದ್ದರಿಂದ ಅನಿಲ ಹೊರಬೀಳುವ ದಾರಿಯನ್ನು ನಾವೇ ಗೊತ್ತುಮಾಡಿದರೆ ಅರ್ಧ ಕೆಲಸ ಮುಗಿಯಿತು.

ಶುಂಠಿ ಸೋಡಾ ಮತ್ತು ಕಾಂಜಿಗೆ ಹೊರಗಿನ ಗಾಳಿ ಬೇಕಿಲ್ಲ. ಜಾಡಿಯ ಮುಚ್ಚಳಕ್ಕೆ ರಂಧ್ರ ಕೊರೆದು, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಕೊಳವೆಯನ್ನು ಬಿಗಿಯಾಗಿ ತೂರಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಎರಡು ಸೆಂಟಿಮೀಟರ್ ಮುಳುಗಿಸಿಡಬೇಕು. ಅನಿಲ ಗುಳ್ಳೆಯಾಗಿ ಹೊರಹೋಗುತ್ತದೆ, ಗಾಳಿ ಒಳಗೆ ಬರುವುದಿಲ್ಲ. ವಾಸನೆ ಇನ್ನೂ ಹೆಚ್ಚೆನಿಸಿದರೆ ಆ ಬಾಟಲಿಯ ಬಾಯನ್ನೂ ಬಿಗಿಮಾಡಿ, ನೀರಿಗೆ ತಾಗದಂತೆ ಅದರಿಂದ ಮತ್ತೊಂದು ಕೊಳವೆಯನ್ನು ವಾಸನೆ ಹೀರುವ ಸಕ್ರಿಯ ಇದ್ದಿಲು (ಆಕ್ಟಿವೇಟೆಡ್ ಚಾರ್ಕೋಲ್) ತುಂಬಿದ ಡಬ್ಬಿಯ ತಳಕ್ಕೆ ಇಳಿಸಿ, ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಬೇಕು. ಇಸ್ತ್ರಿ ಗಾಡಿಯವರು ಬಳಸುವ ಇದ್ದಿಲಿನಲ್ಲಿ ಸೂಕ್ಷ್ಮ ರಂಧ್ರಗಳು ಅಷ್ಟಿಲ್ಲದ ಕಾರಣ ಅದು ಈ ಕೆಲಸಕ್ಕೆ ಬಾರದು. ಕೊಳವೆಯ ಕೊನೆಯನ್ನು ಎಂದೂ ಮುಚ್ಚಬಾರದು. ಒತ್ತಡ ಏರಿದರೆ ಗಾಜಿನ ಜಾಡಿ ಸಿಡಿಯುತ್ತದೆ.

ಕೊಂಬುಚಾಕ್ಕೆ ಈ ಏರ್ಪಾಡು ಆಗದು. ಅದರ ವಿನೆಗರ್ ಬ್ಯಾಕ್ಟೀರಿಯಾಗಳು ಗಾಳಿಯಿಲ್ಲದೆ ಬದುಕುವುದಿಲ್ಲವಾದ್ದರಿಂದ ಜಾಡಿಗೆ ಬಟ್ಟೆಯನ್ನಷ್ಟೇ ಕಟ್ಟಬೇಕು, ಹುಳಿ ವಾಸನೆ ಅಷ್ಟರಮಟ್ಟಿಗೆ ಬಂದೇ ಬರುತ್ತದೆ. ಮಲಗುವ ಕೋಣೆಯಲ್ಲೇ ಜಾಡಿ ಇಡಬೇಕಾದವರು ಒಂದು ಲೀಟರಿಗಿಂತ ಹೆಚ್ಚು ಮಾಡದೆ, ಏಳನೆಯ ದಿನದಿಂದಲೇ ರುಚಿ ನೋಡುತ್ತ, ಹದಕ್ಕೆ ಬಂದೊಡನೆ ಫ್ರಿಜ್ಜಿಗೆ ಸೇರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ವಾಸನೆಯ ಬಗೆಯನ್ನು ಗುರುತಿಸಲು ಕಲಿಯಬೇಕು. ಬ್ರೆಡ್ಡಿನ ಅಥವಾ ಹುದುಗಿದ ದೋಸೆ ಹಿಟ್ಟಿನ ವಾಸನೆ ಸಹಜವಾದದ್ದು. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್ ಎಂಬ ಗಂಧಕದ ಅನಿಲದ್ದು. ಬರೀ ಸಕ್ಕರೆ ನೀರಿನಲ್ಲಿ ಯೀಸ್ಟಿಗೆ ಸಾರಜನಕ ಸಾಲದೆ ಹೋದಾಗ ಅದು ಹುಟ್ಟುತ್ತದೆ. ಸಿಪ್ಪೆ ಸಮೇತ ತುರಿದ ಹಸಿಶುಂಠಿಯನ್ನು ಇನ್ನಷ್ಟು ಸೇರಿಸಿ, ಜಾಡಿಯನ್ನು ತಂಪಾದೆಡೆಗೆ ಸರಿಸಿದರೆ ಬಹಳಷ್ಟು ಸಲ ಎರಡು ಮೂರು ದಿನಗಳಲ್ಲಿ ಕಡಿಮೆಯಾಗುತ್ತದೆ. ಉಗುರುಬಣ್ಣ ತೆಗೆಯುವ ದ್ರವದಂತೆ ಘಾಟು ಬಂದರೆ ಅದು ಈಥೈಲ್ ಅಸಿಟೇಟ್. ಜಾಡಿಯೊಳಗೆ ಗಾಳಿ ನುಗ್ಗಿದೆ, ಇಲ್ಲವೇ ಸೆಕೆ ಹೆಚ್ಚಾಗಿದೆ ಎಂದು ತಿಳಿಯಬೇಕು. ಕಾಂಜಿಯ ಮೂಗಿಗೇರುವ ಖಾರ ಸಾಸಿವೆಯದು, ಅದು ದೋಷವಲ್ಲ. ವಾಂತಿಯಂಥ ಕಮಟು ವಾಸನೆ ಬಂದರೆ ಅಥವಾ ಮೇಲೆ ನೂಲುನೂಲಾದ ಬೂಷ್ಟು ಕಂಡರೆ, ಮೇಲಿನದನ್ನು ತೆಗೆದು ಉಳಿಸಿಕೊಳ್ಳುವ ಯೋಚನೆ ಮಾಡದೆ ಪೂರ್ತಿ ಚೆಲ್ಲಬೇಕು.

ತಾಪ ಏರಿದಷ್ಟೂ ಹುದುಗು ಬಿರುಸಾಗಿ ವಾಸನೆಯೂ ಹೆಚ್ಚುತ್ತದೆ. ಏಪ್ರಿಲಿನಲ್ಲಿ ಹೊರಗಿನ ತಾಪ 34 ಡಿಗ್ರಿಯ ಆಸುಪಾಸಿಗೆ ಬಂದಾಗ, ಮಹಡಿಯ ಮೇಲಿನ ಶೀಟಿನ ಮನೆಗಳಲ್ಲಿ ಅದಕ್ಕಿಂತಲೂ ಹೆಚ್ಚಿರುತ್ತದೆ. ಜಾಡಿಯನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟು, ಸುತ್ತ ಒದ್ದೆ ಬಟ್ಟೆ ಹೊದಿಸಿ, ಅದರ ಅಂಚು ನೀರಿನಲ್ಲಿ ಮುಳುಗುವಂತೆ ಬಿಟ್ಟರೆ ನೀರು ಆವಿಯಾಗುತ್ತ ಜಾಡಿಯನ್ನು ತಣಿಸುತ್ತದೆ. ಒಣ ಹವೆಯ ಮಾರ್ಚ್, ಏಪ್ರಿಲಿನಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಗಾಳಿಯಲ್ಲಿ ತೇವ ತುಂಬಿರುವ ಮಳೆಗಾಲದಲ್ಲಿ ಅಷ್ಟು ನಡೆಯದು. ಹಳೆಯ ಬಡಾವಣೆಗಳ ರೆಡ್ ಆಕ್ಸೈಡ್ ನೆಲದ ಮನೆಯಲ್ಲಿರುವವರು ಜಾಡಿಯನ್ನು ನೆಲದ ಮೇಲೆಯೇ ಇಟ್ಟರೂ ಸಾಕಷ್ಟು ತಂಪಿರುತ್ತದೆ.

ಜಾಗ ಆರಿಸುವಾಗ ಒಂದು ಎಚ್ಚರಿಕೆ ಬೇಕು. ಎಕ್ಸಾಸ್ಟ್ ಫ್ಯಾನ್ ಇದೆಯೆಂದು ಹಲವರು ಬಚ್ಚಲಮನೆಯಲ್ಲಿ ಜಾಡಿ ಇಡುತ್ತಾರೆ. ಆದರೆ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಆ ಫ್ಯಾನಿನ ಗಾಳಿ ಎಲ್ಲ ಮಹಡಿಗಳಿಗೂ ಸೇರಿದ ಡಕ್ಟಿಗೆ ಹೋಗುತ್ತದೆ. ನಾನು ಹಾಗೆಯೇ ಮಾಡಿ, ಮೇಲಿನ ಮನೆಯ ಅಜ್ಜಿಯವರು ಗ್ಯಾಸ್ ಸೋರುತ್ತಿದೆಯೆಂದು ಗಾಬರಿಯಿಂದ ಇಳಿದುಬಂದಾಗ ತಪ್ಪಿನ ಅರಿವಾಯಿತು. ಅಡುಗೆ ಅನಿಲಕ್ಕೆ ಬೆರೆಸುವ ವಾಸನೆಯೂ ಗಂಧಕದ್ದೇ ಆದ್ದರಿಂದ ಅವರ ಭಯ ನ್ಯಾಯವಾದದ್ದು. ರಸ್ತೆಯ ಕಡೆಗೆ ತೆರೆದುಕೊಳ್ಳುವ ಯುಟಿಲಿಟಿಯಲ್ಲಿ, ಬಿಸಿಲು ತಾಗದ ಮೂಲೆ ಸರಿಯಾದ ಜಾಗ. ಅಕ್ಕಪಕ್ಕದ ಮನೆಯವರಿಗೆ ಮೊದಲೇ ತಿಳಿಸಿಡುವುದೂ ಅಗತ್ಯ.

ಬಹುದಿನ ಉಳಿಯುವ ನಾತ ಬಹುಮಟ್ಟಿಗೆ ಉಕ್ಕಿ ಚೆಲ್ಲಿದ್ದರಿಂದ ಬರುತ್ತದೆ. ಜಾಡಿಯ ಕಾಲುಭಾಗ ಖಾಲಿ ಬಿಟ್ಟು, ಅಡಿಯಲ್ಲಿ ಅಂಚಿರುವ ತಟ್ಟೆ ಇಡಬೇಕು. ಚೆಲ್ಲಿದ್ದು ಒಣಗುವ ಮೊದಲೇ ಒರೆಸಿ, ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಬೆರೆಸಿ ತೊಳೆದರೆ, ಹುಳಿ ಆಮ್ಲಗಳು ಆವಿಯಾಗದ ಲವಣಗಳಾಗಿ ವಾಸನೆ ನಿಲ್ಲುತ್ತದೆ. ಹುಳಿ ಪಾನೀಯ ಅಥವಾ ವಿನೆಗರ್ ಚೆಲ್ಲಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಹಾಕಲೇಬಾರದು, ಏಕೆಂದರೆ ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಚಿಕ್ಕ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಸೋಸಿ ಉಳಿದ ಶುಂಠಿ, ಚಹಾ ಎಲೆಗಳನ್ನು ಚೆನ್ನಾಗಿ ಹಿಂಡಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಮರುದಿನ ಬೆಳಿಗ್ಗೆಯೇ ಹಸಿ ಕಸದ ಗಾಡಿಗೆ ಕೊಟ್ಟುಬಿಡಬೇಕು.