ಮಟಮಟ ಮಧ್ಯಾಹ್ನ ನಲ್ಲೂರು ತೋಪಿನಲ್ಲಿ

"ಮೇಲೆ ಸುಣ್ಣ, ಕೆಳಗೆ ಇದ್ದಲು. ಇನ್ನೇನು ಸಿಗತ್ತೆ ಕಣಯ್ಯ ಅಲ್ಲಿ?" ನಮ್ಮ ಫೋಟೋಗ್ರಫಿ ಬಳಗದ ಹಿರಿಯರೊಬ್ಬರು ಹೀಗಂದು ಮೂರು ವರ್ಷವಾಯಿತು. ನಲ್ಲೂರಿನ ಹುಣಸೆ ತೋಪನ್ನು ಏಪ್ರಿಲ್ ಬಿಸಿಲಲ್ಲಿ, ಹನ್ನೆರಡು ಗಂಟೆಗೆ, ಕಪ್ಪು-ಬಿಳುಪು ಫಿಲ್ಮಿನಲ್ಲಿ ತೆಗೆಯುತ್ತೇನೆ ಅಂದಿದ್ದೆ. ಬಿಸಿಲು ಬರಿ ಬಿಳಿ, ನೆರಳು ಬರಿ ಕಪ್ಪು ಆಗುತ್ತದೆ ಅನ್ನುವುದು ಅವರ ಮಾತು. ಉಳಿದವರೂ ಅವರ ಮಾತಿಗೇ ತಲೆಯಾಡಿಸಿದರು. ಹೋದ ತಿಂಗಳು ಅದೇ ಹಿರಿಯರು ನನ್ನ 12 ಇಂಚಿನ ಪ್ರಿಂಟನ್ನು ಕಿಟಕಿ ಹತ್ತಿರ ಒಯ್ದು, ಪೊಟರೆಯೊಳಗಿನ ಜೇಡರ ಬಲೆಯ ಮೇಲೆ ಬೆರಳಿಟ್ಟು, "ಇದು ಹೇಗೆ ಬಂತು?" ಅಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೋಪು ದೇವನಹಳ್ಳಿ ತಾಲ್ಲೂಕಿನಲ್ಲಿದೆ. ಸುಮಾರು 54 ಎಕರೆ, ಮುನ್ನೂರರ ಹತ್ತಿರ ಮರ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾದ ಜಾಗ. ಕಾಂಡಗಳು ತಿರುಚಿ, ಸೀಳಿ, ಒಳಗೆ ಟೊಳ್ಳಾಗಿ ನಿಂತಿವೆ. ಎಲ್ಲರೂ ಹೋಗುವುದು ಬೆಳಗಿನ ಮಂಜಿಗೆ. ನಾನೂ ಮೊದಲು ಏಳೆಂಟು ಸಲ ಹಾಗೇ ಹೋದೆ. ಹುಣಸೆ ಎಲೆ ಕತ್ತಲಾದರೆ ಮಡಚಿಕೊಳ್ಳುತ್ತದೆ. ನಸುಕಿನಲ್ಲಿ ನೋಡಿದರೆ ಕೊಂಬೆಯೆಲ್ಲ ಬಡಕಲು, ಸಂದಿಸಂದಿಯಲ್ಲಿ ಆಕಾಶ. ಸೊಂಪು ಬೇಕಾದರೆ ಬಿಸಿಲೇರಬೇಕು. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಸೂರ್ಯ ನೆತ್ತಿಗೆ ಬಂದಾಗ ಮರದಾಚೆಯ ಬೋಳು ನೆಲಕ್ಕೆ ಬಿಸಿಲು ಬಡಿದು, ಆ ಬೆಳಕು ಕೆಳಗಿನಿಂದ ಪೊಟರೆಯೊಳಕ್ಕೆ ಪುಟಿಯುತ್ತದೆ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಆ ಹೊತ್ತಿನಲ್ಲಿ ತೊಗಟೆಯ ಒಂದೊಂದು ಬಿರುಕೂ ಕಣ್ಣಿಗೆ ಕಾಣುತ್ತದೆ. ಕಣ್ಣಿಗೆ ಕಂಡದ್ದು ಫಿಲ್ಮಿನ ಮೇಲೆ ಯಾಕೆ ಬರಬಾರದು ಅನ್ನುವುದೊಂದೇ ನನ್ನ ಹಟ.

ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಓದುವ ಸ್ಪಾಟ್ ಮೀಟರಿನಲ್ಲಿ ಅಳೆದರೆ ನೆಲದ ಬಿಸಿಲು ಮಚ್ಚೆಗೂ ಪೊಟರೆಯ ಒಳಗೂ ಏಳು ಸ್ಟಾಪ್, ಕೆಲವು ಮರಕ್ಕೆ ಎಂಟು. ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ.

ಮೊದಲ ಬೇಸಿಗೆ ಪೂರ್ತಿ ದಂಡ. ಎಚ್‌ಪಿ 5 ಫಿಲ್ಮನ್ನು, ಅದರ ವೇಗ 400 ಇದ್ದರೂ, ನೆರಳಿಗೆ ಹೆಚ್ಚು ಬೆಳಕು ಸಿಗಲಿ ಅಂತ 200ಕ್ಕೆ ಇಟ್ಟು ತೆಗೆದು, ಡೆವಲಪಿಂಗ್ ಕಡಿಮೆ ಮಾಡಿ ಅಂತ ಕವರಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು ಒಂದು ಲ್ಯಾಬಿಗೆ ಕೊಟ್ಟೆ. ಅವರು ಎಲ್ಲರದರ ಜೊತೆ ಅದನ್ನೂ ಮಾಮೂಲಿ ಹೊತ್ತು ಮುಳುಗಿಸಿದರು. ಆರು ರೋಲು ಹೋಯಿತು, ಬಿಸಿಲು ಬಿದ್ದ ಕಡೆ ನೆಗೆಟಿವ್ ಗೋಡೆಯಂತೆ ದಪ್ಪ, ಪ್ರಿಂಟಿನಲ್ಲಿ ಬರಿ ಸುಣ್ಣ. ಆಮೇಲೆ ಮನೆಯಲ್ಲೇ ಡಿ-76 ಅನ್ನುವ ಡೆವಲಪರಿನಲ್ಲಿ (ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ದ್ರಾವಣ) ಹೊತ್ತು ಕಡಿಮೆ ಮಾಡಿದೆ. ಸುಣ್ಣ ಹೋಯಿತು, ಆದರೆ ಇಡೀ ಚಿತ್ರ ಬೂದಿ. ಹಳೇ ಪುಸ್ತಕದಲ್ಲಿದ್ದ ನೀರು-ಸ್ನಾನದ ಪದ್ಧತಿಯನ್ನೂ (ಡೆವಲಪರಿನಿಂದ ತೆಗೆದು ಬರಿ ನೀರಿನಲ್ಲಿ ಬಿಡುವುದು) ನೋಡಿದೆ. ಈಗಿನ ಫಿಲ್ಮಿನ ಲೇಪ ತೆಳು, ಡೆವಲಪರನ್ನು ಹೀರಿ ಹಿಡಿದುಕೊಳ್ಳುವುದೇ ಇಲ್ಲ, ಏನೂ ಪ್ರಯೋಜನವಾಗಲಿಲ್ಲ.

ಕೈ ಹಿಡಿದದ್ದು ಎರಡು ಸ್ನಾನದ ಡಿ-23, ಅಂದರೆ ಫಿಲ್ಮನ್ನು ಒಂದಾದ ಮೇಲೊಂದರಂತೆ ಎರಡು ದ್ರಾವಣದಲ್ಲಿ ಮುಳುಗಿಸುವ ಡೆವಲಪರ್. ಮೊದಲ ಪಾತ್ರೆಗೆ ಲೀಟರಿಗೆ ಚಿತ್ರ ಮೂಡಿಸುವ ಪುಡಿಯಾದ ಮೆಟಾಲ್ ಏಳೂವರೆ ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ. ಎರಡನೆಯದಕ್ಕೆ ಬೊರಾಕ್ಸ್ 10 ಗ್ರಾಂ, ಅಷ್ಟೇ. ಬಿಸಿಲು ಬಿದ್ದ ಕಡೆ ಹೀರಿಕೊಂಡ ಡೆವಲಪರ್ ಬೊರಾಕ್ಸಿನಲ್ಲಿ ಬೇಗ ಮುಗಿದು ನಿಲ್ಲುತ್ತದೆ, ನೆರಳಿನಲ್ಲಿ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತದೆ. ಏಪ್ರಿಲ್ಲಿನಲ್ಲಿ ನಮ್ಮ ನಲ್ಲಿ ನೀರೇ 27-28 ಡಿಗ್ರಿ. ಡಿ-76ಕ್ಕೆ ಐಸ್ ಹಾಕಿ ಹಾಕಿ ಸಾಕಾಗಿದ್ದವನಿಗೆ, ಶಾಖದ ಒಂದೆರಡು ಡಿಗ್ರಿ ಏರುಪೇರಿಗೆ ಇದು ಅಷ್ಟಾಗಿ ಕೆಡದಿದ್ದದ್ದೇ ದೊಡ್ಡ ಸಮಾಧಾನ.

ಇಲ್ಲೂ ಮೂರು ಸಲ ಕೆಡಿಸಿದೆ. ಸಲ್ಫೈಟ್ ಪೂರ್ತಿ ಸುರಿದು ಆಮೇಲೆ ಮೆಟಾಲ್ ಹಾಕಿದ್ದು ಮೊದಲ ತಪ್ಪು. ಮೆಟಾಲ್ ಕರಗದೆ ತಳದಲ್ಲಿ ರವೆಯಂತೆ ಕೂತಿತು. ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಅದು ಕರಗಿದ ಮೇಲೆ ಉಳಿದ ಸಲ್ಫೈಟ್. ಎರಡನೇ ಸಲ ಎರಡು ಸ್ನಾನದ ನಡುವೆ ನೀರಲ್ಲಿ ತೊಳೆದೆ, ಹೀರಿದ್ದೆಲ್ಲ ತೊಳೆದುಹೋಗಿ ನೆಗೆಟಿವ್ ಗಾಜಿನಂತೆ ಬಂತು. ಮೂರನೇ ಸಲ ಬೊರಾಕ್ಸಿನಲ್ಲಿ ಅಲುಗಾಡಿಸದೆ ಬಿಟ್ಟೆ, ಆಕಾಶದಲ್ಲೆಲ್ಲ ಗೆರೆ. ಅಲುಗಾಡಿಸಲೇಬೇಕು. ಎಷ್ಟು ಹೊತ್ತಿಗೊಮ್ಮೆ, ಎರಡನೇ ಸ್ನಾನ ಎಷ್ಟು ನಿಮಿಷ ಅನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅಷ್ಟನ್ನು ಕಂಡುಕೊಳ್ಳಲು ಹನ್ನೆರಡು ರೋಲು ಸುಟ್ಟಿದ್ದೇನೆ.

ಫಿಲ್ಟರಿನ ವಿಷಯ ಬಚ್ಚಿಡಲಾರೆ, ಅದರಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಮರ ಅಂದರೆ ಹಳದಿ ಫಿಲ್ಟರ್ ಅಂತ ನಾವೆಲ್ಲ ಕಲಿತದ್ದು. ಪೊಟರೆಯ ಹೊರಗಿನ ಮಧ್ಯಾಹ್ನದ ನೆರಳಿಗೆ ಬೆಳಕು ಬರುವುದು ಬಹುಪಾಲು ನೀಲಿ ಆಕಾಶದಿಂದ. ಹಳದಿ ಗಾಜು ಆ ನೀಲಿಯನ್ನೇ ತಡೆಯುತ್ತದೆ, ನೆರಳು ಇನ್ನೂ ಕಪ್ಪಾಗುತ್ತದೆ. ಕಿತ್ತೆಸೆದೆ. ಬರಿ ಲೆನ್ಸಿನಲ್ಲೇ ನೆರಳಿನಲ್ಲಿ ಅರ್ಧ ಸ್ಟಾಪಿನಷ್ಟು ಹೆಚ್ಚು ವಿವರ ಸಿಕ್ಕಿತು.

ಈ ನಡುವೆ ಡಿಜಿಟಲ್ ಕ್ಯಾಮೆರಾಕ್ಕೆ 720 ನ್ಯಾನೊಮೀಟರಿನ ಇನ್‌ಫ್ರಾರೆಡ್ ಫಿಲ್ಟರ್ ಹಾಕಿ ಒಂದು ವಾರ ಆಡಿದೆ. ಎಲೆಯೆಲ್ಲ ಬೆಳ್ಳಗೆ ಬಂತು. ನೋಡಲು ಚೆನ್ನಾಗಿತ್ತು, ಆದರೆ ಅದು ಹುಣಸೆ ಮರ ಅನ್ನಿಸಲಿಲ್ಲ. ಐದು ಎಕ್ಸ್‌ಪೋಷರ್ ಸೇರಿಸುವ ಪ್ರಯೋಗವನ್ನೂ ಮಾಡಿದೆ. ಹುಣಸೆಯ ಪುಟ್ಟ ಎಲೆ ಒಂದು ಕ್ಷಣ ಸುಮ್ಮನಿರುವುದಿಲ್ಲ, ಐದು ಚಿತ್ರದಲ್ಲಿ ಐದು ಕಡೆ. ಫಿಲ್ಮಿನಲ್ಲೂ ಗಾಳಿಯ ಕಾಟ ಇದ್ದೇ ಇದೆ. ಲೆನ್ಸಿನ ಕಿಂಡಿಯನ್ನು ಎಫ್ 16ಕ್ಕೆ ಕಿರಿದು ಮಾಡಿ 1/8 ಸೆಕೆಂಡ್ ಇಟ್ಟರೆ ತುದಿ ಕೊಂಬೆ ಒರೆಸಿದಂತೆ ಬರುತ್ತದೆ. ಶಟರ್ ಒತ್ತುವ ಕೇಬಲ್ ಹಿಡಿದು, ಗಾಳಿ ನಿಲ್ಲಲಿ ಅಂತ ಕಾಯುವುದೊಂದೇ ದಾರಿ. ಒಂದು ಫ್ರೇಮಿಗೆ ನಲವತ್ತು ನಿಮಿಷ ನಿಂತದ್ದೂ ಉಂಟು. ಮೀಟರ್ ಓದುವುದು ಪೊಟರೆಯ ನೆರಳನ್ನು, ಅದರಿಂದ ಒಂದೇ ಒಂದು ಸ್ಟಾಪ್ ಇಳಿಸುತ್ತೇನೆ. ಎರಡು ಇಳಿಸಿದರೆ ಜೇಡರ ಬಲೆ ಬರುವುದಿಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ: ನನ್ನ ಯಾಶಿಕಾ ಮ್ಯಾಟ್ ಕ್ಯಾಮೆರಾ ಸೆಕೆಂಡ್‌ಹ್ಯಾಂಡ್, ರಿಪೇರಿ ಸೇರಿ 22 ಸಾವಿರ ಬಿತ್ತು. ಶುರು ಮಾಡಿದಾಗ 120 ಅಳತೆಯ ಫಿಲ್ಮ್ ರೋಲು 700 ರೂಪಾಯಿಯ ಆಸುಪಾಸು ಇತ್ತು, ಆಮೇಲೆ ಸಾವಿರದ ಹತ್ತಿರ ಬಂತು. ಸರಿಯಾದ ಮೊದಲ ನೆಗೆಟಿವ್ ಸಿಗುವ ಹೊತ್ತಿಗೆ ನಲವತ್ತು ರೋಲು, ಅಂದರೆ ಮೂವತ್ತು ಸಾವಿರದ ಮೇಲೆ. ಪೆಟ್ರೋಲ್ ಬೇರೆ, ಹೋಗಿ ಬರಲು ನೂರು ಕಿಲೋಮೀಟರ್. ಆದರೆ ಡೆವಲಪರ್ ಅಗ್ಗ: ಒಂದು ಲೀಟರಿನಲ್ಲಿ ಹತ್ತು ರೋಲು ಆರಾಮಾಗಿ ತೊಳೆಯುತ್ತೇನೆ, ರೋಲಿಗೆ 20 ರೂಪಾಯಿಯೂ ಬೀಳುವುದಿಲ್ಲ. ಆ ಜೇಡರ ಬಲೆಯ ನೆಗೆಟಿವ್ ಮಧ್ಯಮ ಕಾಂಟ್ರಾಸ್ಟಿನ ಎರಡೂವರೆ ಗ್ರೇಡಿನಲ್ಲಿ ನೇರವಾಗಿ ಪ್ರಿಂಟಾಗುತ್ತದೆ, ಎಲ್ಲೂ ಕೈಯಿಂದ ಮರೆಮಾಡಿ ತಿದ್ದಿಲ್ಲ. ಇದನ್ನು ಎದೆತಟ್ಟಿ ಹೇಳುತ್ತೇನೆ.

ಬರುವ ಬೇಸಿಗೆಗೆ ರಾಮೋಹಳ್ಳಿಯ ದೊಡ್ಡ ಆಲದ ಮರ. ಮೂರು ಎಕರೆಯ ನೆರಳು, ಒಳಗೆ ಬಿಸಿಲು ಇಳಿಯುವುದೇ ಕಡಿಮೆ, ಬಿಳಲುಗಳ ನಡುವೆ ಜನರ ಓಡಾಟ ಬೇರೆ. ಕಳೆದ ವಾರ ಹೋಗಿ ಮೀಟರ್ ಹಿಡಿದು ಬಂದೆ: ನಡುಭಾಗಕ್ಕೂ ಅಂಚಿನ ಬಿಸಿಲಿಗೂ ಒಂಬತ್ತು ಸ್ಟಾಪ್. ಬೊರಾಕ್ಸ್ ಸ್ನಾನಕ್ಕೆ ಎಷ್ಟು ನಿಮಿಷ ಸೇರಿಸಬೇಕೋ, ನಾಲ್ಕು ರೋಲು ತಂದಿಟ್ಟಿದ್ದೇನೆ.