ಕೌನ್ಸಿಲ್ ಟ್ಯಾಕ್ಸ್ ಫಾರ್ಮಿನಲ್ಲಿ ಊರಿನ ಮನೆ

ಊರಲ್ಲಾದರೆ ಮನೆ ಕಂದಾಯ ಮಾಲೀಕರ ತಲೆನೋವು. ಇಂಗ್ಲೆಂಡಿನಲ್ಲಿ ಹಾಗಲ್ಲ. ಬಾಡಿಗೆ ಮನೆಯಾದರೂ ಕೌನ್ಸಿಲ್ ಟ್ಯಾಕ್ಸ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ (ಕೌನ್ಸಿಲ್) ಹಾಕುವ ಮನೆ ತೆರಿಗೆ, ಸಾಮಾನ್ಯವಾಗಿ ಅದರಲ್ಲಿ ವಾಸವಿರುವವರೇ ಕಟ್ಟಬೇಕು. 1991ರಲ್ಲಿ ಆ ಮನೆಗೆ ಎಷ್ಟು ಬೆಲೆ ಇತ್ತು ಅನ್ನುವುದರ ಮೇಲೆ ಎ ಇಂದ ಎಚ್ ತನಕ ಬ್ಯಾಂಡ್ ಹಾಕಿರುತ್ತಾರೆ. ನಿಮ್ಮ ದುಡಿಮೆ ಎಷ್ಟು ಅಂತ ಬಿಲ್ಲು ನೋಡುವುದಿಲ್ಲ. ಕ್ರಿಸ್‌ಮಸ್ ಸೀಸನ್ ಮುಗಿದು ಗೋದಾಮಿನಲ್ಲಿ ನಮ್ಮನೆಯವರ ಶಿಫ್ಟ್ ಅರ್ಧಕ್ಕೆ ಇಳಿಯಿತು. ನನ್ನದು ಶಾಲೆಯ ಅಡುಗೆಮನೆಯಲ್ಲಿ ಪಾರ್ಟ್ ಟೈಮ್ ಕೆಲಸ. ಬಾಡಿಗೆ, ಕರೆಂಟ್ ಕಳೆದರೆ ಆ ಬಿಲ್ಲಿಗೆ ದುಡ್ಡೇ ಉಳಿಯುತ್ತಿರಲಿಲ್ಲ.

ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ಅನ್ನುವ ಭತ್ಯೆಗೆ ಅರ್ಜಿ ಹಾಕಿದರೆ ಇದೂ ಅದರಲ್ಲೇ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಬರುವುದಿಲ್ಲ. ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್‌ಗೆ (ಆದಾಯ ಕಡಿಮೆಯಿದ್ದವರಿಗೆ ಬಿಲ್ಲಿನಲ್ಲಿ ಕಡಿತ) ನಿಮ್ಮ ಕೌನ್ಸಿಲ್‌ಗೇ ಬೇರೆ ಅರ್ಜಿ ಹಾಕಬೇಕು. ಕೆಲವು ಕಡೆ ಇದನ್ನೇ ಕೌನ್ಸಿಲ್ ಟ್ಯಾಕ್ಸ್ ಸಪೋರ್ಟ್ ಅನ್ನುತ್ತಾರೆ. ಅರ್ಜಿ ತಡವಾದಷ್ಟೂ ನಷ್ಟ ನಮಗೇ. ಹಿಂದಿನ ದಿನಗಳಿಗೆ ಸೇರಿಸಿ ಕೊಡುವುದು ಒಂದೊಂದು ಕೌನ್ಸಿಲ್‌ನಲ್ಲಿ ಒಂದೊಂದು ಥರ.

ಅದಕ್ಕೂ ಮೊದಲು ವೀಸಾ ನೋಡಿಕೊಳ್ಳಿ. ಇದು ನಮ್ಮವರಿಗೆ ಮುಖ್ಯ. ವರ್ಕ್ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’, ಅಂದರೆ ಪಬ್ಲಿಕ್ ಫಂಡ್ಸ್ ಅಂತ ಪಟ್ಟಿ ಮಾಡಿದ ಸರ್ಕಾರಿ ನೆರವು ಪಡೆಯುವಂತಿಲ್ಲ ಅನ್ನುವ ಷರತ್ತು ಇರುತ್ತದೆ. ರಿಡಕ್ಷನ್ ಪಬ್ಲಿಕ್ ಫಂಡ್ಸ್ ಲೆಕ್ಕಕ್ಕೆ ಬರುತ್ತದೆ, ಷರತ್ತು ಇರುವವರು ಅರ್ಜಿ ಹಾಕಿದರೆ ವೀಸಾಕ್ಕೇ ಪೆಟ್ಟು. ನಮಗೆ ಆ ಹೊತ್ತಿಗೆ ಐಎಲ್‌ಆರ್ (ಇಲ್ಲೇ ಕಾಯಂ ನೆಲೆಸುವ ಅನುಮತಿ) ಸಿಕ್ಕಾಗಿತ್ತು, ಹಾಗಾಗಿ ಧೈರ್ಯವಾಗಿ ಹಾಕಿದೆ. ಆದರೆ ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ಸಿಗುವ ಶೇ. 25 ರಿಯಾಯಿತಿ, ಬರೀ ಫುಲ್‌ಟೈಮ್ ವಿದ್ಯಾರ್ಥಿಗಳಿರುವ ಮನೆಗೆ ಸಿಗುವ ಪೂರ್ತಿ ಮಾಫಿ, ಇವೆರಡೂ ಪಬ್ಲಿಕ್ ಫಂಡ್ಸ್ ಅಲ್ಲ. ಓದಲು ಬಂದ ಹುಡುಗರು ಹೆದರಿ ಸುಮ್ನೆ ಬಿಲ್ಲು ಕಟ್ಟುತ್ತಾ ಕೂರಬೇಕಿಲ್ಲ.

ಫಾರ್ಮ್ ಆನ್‌ಲೈನ್‌ನಲ್ಲೇ ಇತ್ತು. ಬಾಡಿಗೆ ಕರಾರು, ಪೇ ಸ್ಲಿಪ್, ಎಲ್ಲ ಖಾತೆಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರು. ಎಲ್ಲ ಅಂದರೆ ಊರಿನ ಬ್ಯಾಂಕಿನದ್ದೂ ಸೇರಿ. ಅದರ ಕೆಳಗೇ ಒಂದು ಪ್ರಶ್ನೆ: ಈ ದೇಶದಲ್ಲಾಗಲಿ ಹೊರಗಾಗಲಿ ನಿಮಗೆ ಬೇರೆ ಆಸ್ತಿ ಇದೆಯಾ? ನಮ್ಮನೆಯವರು ಇಲ್ಲ ಅಂತ ಒತ್ತಿಬಿಡು ಅಂದರು. ತಿಪಟೂರು ಕಡೆಯ ಹಳ್ಳಿಯಲ್ಲಿರುವ ಮನೆ ಇವರಿಗೆ ಹೇಗೆ ಗೊತ್ತಾಗಬೇಕು ಅನ್ನುವ ವಾದ. ನಾನು ಒಪ್ಪಲಿಲ್ಲ. ಕೆಳಗೆ ಸಹಿ ಹಾಕುವವಳು ನಾನು. ಸುಳ್ಳು ಬರೆದರೆ ಅದು ಅಪರಾಧ.

ಬಹಳ ಕೌನ್ಸಿಲ್‌ಗಳಲ್ಲಿ ಉಳಿತಾಯ, ಆಸ್ತಿ ಸೇರಿ 16,000 ಪೌಂಡ್ ದಾಟಿದರೆ ದುಡಿಯುವ ವಯಸ್ಸಿನವರಿಗೆ ರಿಡಕ್ಷನ್ ಸಿಗುವುದಿಲ್ಲ. ಕೆಲವೆಡೆ ಮಿತಿ ಇನ್ನೂ ಕಡಿಮೆ. ಹಾಗಾಗಿ ಸ್ಕೀಮಿನ ನಿಯಮಗಳನ್ನೇ ತೆರೆದು ಕೂತೆ. ಉದ್ದ ಇತ್ತು, ಓದಿದ್ದು ಸಾರ್ಥಕವಾಯಿತು. ಪೆನ್ಷನ್ ವಯಸ್ಸು ದಾಟಿದ ಸಂಬಂಧಿಕರು ತಮ್ಮ ಮನೆಯಾಗಿ ವಾಸವಿರುವ ಆಸ್ತಿಯನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಅದರಲ್ಲೇ ಇತ್ತು. ಆ ಮನೆಯಲ್ಲಿ ಇರುವವರು ನಮ್ಮತ್ತೆ, ಎಪ್ಪತ್ತು ದಾಟಿದವರು. ಮಾವ ಹೋದ ಮೇಲೆ ಖಾತೆ ಅಣ್ಣತಮ್ಮಂದಿರ ಹೆಸರಿಗೆ ಜಂಟಿಯಾಗಿದೆ, ಭಾಗ ಆಗಿಲ್ಲ.

ಮೈದುನನಿಗೆ ಹೇಳಿ ಪಂಚಾಯಿತಿಯಿಂದ ಇ-ಸ್ವತ್ತಿನ ನಮೂನೆ 9, ಅತ್ತೆಯ ಆಧಾರ್ ಎರಡರ ಫೋಟೋ ತರಿಸಿಕೊಂಡೆ. ಇಲ್ಲಿಯವರಿಗೆ ಕನ್ನಡ ಓದಲು ಬರಬೇಕಲ್ಲ! ಯಾವ ಕಾಲಂನಲ್ಲಿ ಏನಿದೆ ಅಂತ ಇಂಗ್ಲಿಷಿನಲ್ಲಿ ಬರೆದೆ. ಮನೆ ಯಾರ್‍ಯಾರ ಹೆಸರಲ್ಲಿದೆ, ಯಾರು ಇದ್ದಾರೆ, ಅವರ ವಯಸ್ಸೆಷ್ಟು, ಬಾಡಿಗೆ ಬರುತ್ತಿಲ್ಲ, ಇಷ್ಟನ್ನು ಒಂದೇ ಪುಟದಲ್ಲಿ ಹೇಳಿ, ಆ ನಿಯಮದ ನಂಬರನ್ನೂ ಹಾಕಿ ಕಳಿಸಿದೆ. ಅತ್ತೆಗೆ ಪ್ರತಿ ತಿಂಗಳು ಕಳಿಸುವ ದುಡ್ಡು ಏನು ಅಂತ ಸ್ಟೇಟ್‌ಮೆಂಟ್ ನೋಡಿ ಕೇಳಿದರು, ಅದನ್ನೂ ಹೇಳಿದೆ. ಮನೆಯ ಬಗ್ಗೆ ಮತ್ತೆ ಪ್ರಶ್ನೆ ಬರಲಿಲ್ಲ.

ತಕರಾರು ಬಂದಿದ್ದು ಇನ್ನೊಂದು ಕಡೆಯಿಂದ. ಮಂಜೂರಾದ ಮೊತ್ತ ತೀರಾ ಕಡಿಮೆ ಇತ್ತು. ಲೆಕ್ಕದ ಹಾಳೆ ನೋಡಿದರೆ ಡಿಸೆಂಬರಿನ ಪೇ ಸ್ಲಿಪ್ಪಿನಲ್ಲಿದ್ದ ಓವರ್‌ಟೈಮನ್ನೇ ವರ್ಷವಿಡೀ ಬರುವ ಸಂಬಳ ಅಂತ ಹಿಡಿದಿದ್ದರು. ಫೋನಿನಲ್ಲಿ ಹೇಳಿದರೆ ದಾಖಲೆ ಉಳಿಯುವುದಿಲ್ಲ. ಬರವಣಿಗೆಯಲ್ಲೇ ಆಕ್ಷೇಪ ಹಾಕಿ, ಗಂಟೆ ಕಡಿಮೆಯಾದ ಬಗ್ಗೆ ಕಂಪನಿ ಕೊಟ್ಟ ಪತ್ರ, ಹೊಸ ಪೇ ಸ್ಲಿಪ್ ಲಗತ್ತಿಸಿದೆ. ಎರಡು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಇಂಥ ತಕರಾರು ಕೇಳುವ ಸ್ವತಂತ್ರ ನ್ಯಾಯಮಂಡಳಿಯಾದ ವ್ಯಾಲ್ಯುಯೇಷನ್ ಟ್ರಿಬ್ಯುನಲ್‌ಗೆ ಹೋಗಬಹುದು, ಫೀಸ್ ಇಲ್ಲ. ನಮಗೆ ಅಲ್ಲಿ ತನಕ ಹೋಗುವ ಪ್ರಮೇಯ ಬರಲಿಲ್ಲ. ಲೆಕ್ಕ ತಿದ್ದಿ ಹೊಸ ಬಿಲ್ಲು ಕಳಿಸಿದರು.

ಅರ್ಜಿ ಹಾಕಿದ್ದೀನಲ್ಲ ಅಂತ ಕಂತು ನಿಲ್ಲಿಸಬೇಡಿ. ತಪ್ಪಿದರೆ ಏಳು ದಿನದ ರಿಮೈಂಡರ್ ಬರುತ್ತದೆ. ಆಗಲೂ ಕಟ್ಟದಿದ್ದರೆ ಇಡೀ ವರ್ಷದ ಬಾಕಿ ಒಟ್ಟಿಗೆ ಕೇಳುತ್ತಾರೆ, ಆಮೇಲೆ ಕೋರ್ಟು, ಅದರ ಖರ್ಚು. ಆಗುವುದೇ ಇಲ್ಲ ಅಂದರೆ ಮೊದಲೇ ಹೇಳಿ. ಹತ್ತು ಕಂತನ್ನು ಹನ್ನೆರಡು ಮಾಡಿ ಅಂತ ಕೇಳಬಹುದು. ರಿಡಕ್ಷನ್ ಸಿಕ್ಕೂ ಕಟ್ಟಲಾಗದಿದ್ದರೆ, 1992ರ ಲೋಕಲ್ ಗವರ್ನಮೆಂಟ್ ಫೈನಾನ್ಸ್ ಕಾಯ್ದೆಯ 13ಎ ಸೆಕ್ಷನ್ ಅಡಿಯಲ್ಲಿ ಕಷ್ಟ ನೋಡಿ ಇನ್ನಷ್ಟು ಬಿಡುವ ಅಧಿಕಾರ ಕೌನ್ಸಿಲ್‌ಗೆ ಇದೆ. ಅದನ್ನು ಅವರಾಗಿ ಹೇಳುವುದು ಅಪರೂಪ. ಸೆಕ್ಷನ್ ಹೆಸರು ಹಿಡಿದೇ ಕೇಳಿ.

ಈಗ ಶಿಫ್ಟ್ ಏರಿದರೂ ಇಳಿದರೂ ನಾನೇ ತಿಳಿಸುತ್ತೇನೆ. ಸುಮ್ಮನಿದ್ದರೆ ಜಾಸ್ತಿ ಕಳೆದಿದ್ದನ್ನೆಲ್ಲ ಮತ್ತೆ ಬಿಲ್ಲಿಗೇ ಸೇರಿಸುತ್ತಾರೆ.